ಪುಣೆಗೆ ನಾನು ಬರೆದ ಕಾಗದ

ಶರಣಮ್ಮಾ, ನಾನು ತಪ್ಪು ಓದಿರಲಿಲ್ಲ.

ನಿಮ್ಮ ಮನೆಯಲ್ಲಿ ನೀವು ಅಕ್ಕತಂಗಿಯರು ಹುಟ್ಟಿದಾಗಿನಿಂದ ನಗುತ್ತಾ ಹೇಳಿಕೊಂಡು ಬಂದ ಕಥೆಯೊಂದಿದೆ — ಲಿಂಗಸುಗೂರಿನ ಕಚೇರಿಯಲ್ಲಿ ಉರ್ದು ನಕಲು ಬರೆಯುವ ಬಸಪ್ಪಮಾವ, ಪಲ್ಟನ್ನಿನಿಂದ ಬಂದ ಕಾಗದವನ್ನು ತಪ್ಪಾಗಿ ಓದಿ, ಬದುಕಿದ್ದ ಭಾವನನ್ನು ಸಾಯಿಸಿಬಿಟ್ಟ ಕಥೆ. ನೀವು ನಗುವಾಗ ನಾನೂ ನಕ್ಕಿದ್ದೇನೆ. ಆದರೆ ಆ ಕಾಗದವನ್ನು ನಾನು ಸರಿಯಾಗಿಯೇ ಓದಿದ್ದೆ. ಒಂದು ಸಲವಲ್ಲ, ನಾಲ್ಕು ಸಲ. ನಿನ್ನ ಅಪ್ಪ ಅಮರಪ್ಪ ಬದುಕಿದ್ದಾನೆಂದು ಗೊತ್ತಿದ್ದೂ, ಅವನು ಸತ್ತನೆಂದು ನಿನ್ನ ಅವ್ವನಿಗೆ ಹೇಳಿದೆ. ಇಷ್ಟೇ ಆಗಿದ್ದರೆ — ಆದರೆ ಇಷ್ಟೇ ಅಲ್ಲ. ಇನ್ನೊಂದು ಕಾಗದವಿದೆ. ಅದನ್ನು ಬರೆದವನು ನಾನು. ಅದರ ಸುದ್ದಿ ನಮ್ಮ ಮಂದಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರಲ್ಲಿ ಒಬ್ಬನನ್ನು ಹೋದ ತಿಂಗಳು ನಾವೆಲ್ಲ ಸೇರಿ ಮಣ್ಣಿಗಿಟ್ಟು ಬಂದೆವು.

ಮಣ್ಣು ಕೊಟ್ಟ ಮೂರನೆಯ ದಿನ ನೀನು ನನ್ನನ್ನು ಕೇಳಿದೆ: “ಮಾವಾ, ಅಪ್ಪನ ಬದುಕು ನೀ ಬರದು ಕೊಡು. ನನ್ನ ಮಕ್ಕಳಿಗೆ ಓದಿ ಹೇಳತೀನಿ. ನಿನಗಿಂತ ಹೆಚ್ಚು ಯಾರಿಗೆ ಗೊತ್ತೈತಿ?” ಹೌದು, ನನಗೆ ಹೆಚ್ಚೇ ಗೊತ್ತಿದೆ. ನನ್ನ ಪಾಪವನ್ನು ಬಿಟ್ಟು ಅವನ ಬದುಕನ್ನು ಬರೆಯಲು ಎರಡು ಸಲ ಕೂತೆ. ಎರಡು ಸಲವೂ ಹಾಳೆ ಹರಿದೆ. ಅದನ್ನು ಬಿಟ್ಟರೆ ಅವನು ಎಂಥವನಾಗಿದ್ದ ಎಂಬುದು ಅರ್ಧಕ್ಕರ್ಧ ತಿಳಿಯುವುದಿಲ್ಲ.

ನಿನ್ನ ಅಪ್ಪನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ ಮಾಡುತ್ತಲೇ ಬೆಳೆದವನು. ಎಡಗೈಯಲ್ಲಿ ಉಕ್ಕಿನ ಚಾಣ ಹಿಡಿದು ಬಲಗೈಯಿಂದ ಸುತ್ತಿಗೆ ಹೊಡೆಯಬೇಕು. ಒಮ್ಮೆ ಸುತ್ತಿಗೆ ಜಾರಿ ಎಡಗೈ ಹೆಬ್ಬೆರಳು ನಡುವೆ ಉದ್ದಕ್ಕೆ ಸೀಳಿತ್ತು. ಗಾಯ ಕೂಡಿಕೊಂಡರೂ ಆ ಗೀರು ಉಳಿಯಿತು. ನನ್ನ ಅಕ್ಕ ಹುಲಿಗೆಮ್ಮನನ್ನು ಲಗ್ನವಾದ ಮೇಲೆ ಮಸ್ಕಿಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಒಂದು ಖೋಲಿ ಹಿಡಿದ. ಹದಿನೈದು ದಿನಕ್ಕೊಮ್ಮೆ ಹಟ್ಟಿಯಿಂದ ನಡೆದು ಬರುತ್ತಿದ್ದ — ಬೆಳಕು ಹರಿಯುವ ಮುಂಚೆ ಹೊರಟರೆ ಹೊತ್ತು ಮುಳುಗುವಾಗ ಮಸ್ಕಿ. ಬರುವಾಗ ಅಕ್ಕನಿಗೆ ಬಳೆ ತರುತ್ತಿದ್ದ. ದಿನವಿಡೀ ನಡೆದು ಬಂದರೂ ಗಂಟಿನಲ್ಲಿ ಒಂದು ಬಳೆಯೂ ಒಡೆದಿರುತ್ತಿರಲಿಲ್ಲ. ಅದನ್ನು ನೋಡಿ ನಮ್ಮ ಅವ್ವ, “ಈ ಹುಡುಗ ಅಕಿನ್ನ ಚಂದಾಗಿ ನೋಡ್ಕೋತಾನ” ಎಂದಿದ್ದಳು.

ಆಮೇಲೆ ಹಿಂದಿನ ಜರ್ಮನ್ ಲಡಾಯಿ ಬಂತು. ಗಣಿಯಲ್ಲಿ ಚಿನ್ನದ ಪಸೆ ಆರುತ್ತಿತ್ತು. ಬಂಡೆ ಸಿಡಿಸಬಲ್ಲವರು ಇಂಗ್ರೇಜರ ಫೌಜಿಗೆ ಬೇಕಾಗಿದ್ದಾರೆ ಎಂದು ಸುದ್ದಿ ಬಂದದ್ದೇ ಅವನು ಬಳ್ಳಾರಿಗೆ ಹೋಗಿ ಹೆಸರು ಬರೆಸಿದ. ನೀನು ಆಗ ತೊಟ್ಟಿಲಲ್ಲಿದ್ದೆ. ಅಕ್ಕ ಎರಡು ದಿನ ಅವನ ಜತೆ ಮಾತು ಬಿಟ್ಟಳು. ಹೊರಡುವ ದಿನ ಮಾತ್ರ ರೊಟ್ಟಿ ಕಟ್ಟಿಕೊಟ್ಟು, “ಹೋಗಿ ಬಾ ಅಂತೀನಿ. ಹೋಗು ಅನ್ನೂದಿಲ್ಲ” ಎಂದಳು.

ಕಡಲಾಚೆಯ ಬಸರಾದ ಕಡೆಯಿಂದ ಕಾಗದಗಳು ಬರತೊಡಗಿದವು. ಅವನಿಗೆ ಓದುಬರಹ ಬರುತ್ತಿರಲಿಲ್ಲ. ಪಲ್ಟನ್ನಿನ ಮುನ್ಶಿಯಿಂದ ಉರ್ದುವಿನಲ್ಲಿ ಬರೆಸುತ್ತಿದ್ದ. ಮನೆಯಲ್ಲಿ ಉರ್ದು ಬಲ್ಲವನು ನಾನೊಬ್ಬನೇ. ಹಾಗಾಗಿ ಕಾಗದಗಳು ಲಿಂಗಸುಗೂರಿಗೆ ನನ್ನ ಹೆಸರಿಗೇ ಬರುತ್ತಿದ್ದವು. ಕಚೇರಿಗೆ ಶುಕ್ರವಾರ ರಜೆ, ಆಗ ಮಸ್ಕಿಗೆ ಹೋಗಿ ಓದಿ ಹೇಳುತ್ತಿದ್ದೆ. ಆಗ ನನಗೆ ಇಪ್ಪತ್ತೊಂದು ವರ್ಷ. ಅಕ್ಕ ನನ್ನ ಎದುರಿಗೆ ಕೂತು ಕೇಳುತ್ತಿದ್ದಳು. ನಾನು ಮುಗಿಸಿದ ಮೇಲೆ ಹಾಳೆ ತೆಗೆದುಕೊಂಡು ಕೆಳಗಿನ ಹೆಬ್ಬೆಟ್ಟಿನ ಗುರುತನ್ನು ನೋಡುತ್ತಿದ್ದಳು. ನಾನು ಅದನ್ನು ಹೆಣ್ಣುಮಕ್ಕಳ ಮಳ್ಳತನ ಎಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ಕಾಗದಗಳು ನಿಂತವು. ಎಂಟು ತಿಂಗಳು ಒಂದಕ್ಷರವಿಲ್ಲ. ಊರವರು ನಮ್ಮ ಮನೆಯ ಮುಂದೆ ಬಂದಾಗ ದನಿ ಇಳಿಸುತ್ತಿದ್ದರು.

ಅದೇ ಹೊತ್ತಿಗೆ ತುರ್ವಿಹಾಳದ ಸಂಬಂಧ ಬಂತು. ಅಲ್ಲಿಯ ಒಬ್ಬ ರೈತ, ಕರಿಭೂಮಿ ಉಳ್ಳವನು, ಹೆಂಡತಿ ತೀರಿಕೊಂಡಿದ್ದಳು. ಒಳ್ಳೆಯ ಮನುಷ್ಯ — ಅವನನ್ನು ಈಗಲೂ ನಾನು ದೂರುವುದಿಲ್ಲ. ಅವನಿಗೊಬ್ಬ ತಂಗಿ. ಸಿಂಧನೂರಿನ ಸಂತೆಯಲ್ಲಿ ಅವಳನ್ನು ಎರಡು ಸಲ ನೋಡಿದ್ದೆ. ಎರಡೇ ಸಲ, ಅದೂ ದೂರದಿಂದ. ಆ ವಯಸ್ಸಿನಲ್ಲಿ ಅಷ್ಟು ಸಾಕಾಗಿತ್ತು. ಅವನು ನನ್ನನ್ನು ಕರೆದು ನೇರವಾಗಿ ಹೇಳಿದ: “ನಿಮ್ಮ ಅಕ್ಕನ ಗಂಡ ಇಲ್ಲ ಅನ್ನೂದು ಖಾತ್ರಿ ಆದ್ರ, ಅಕಿಗೆ ನಮ್ಮನ್ಯಾಗ ಉಡಕಿ ಮಾಡಿಕೊಡ್ರಿ. ನಮ್ಮ ತಂಗಿನ್ನ ನಿನಗ ಕೊಡತೀವಿ. ಖಾತ್ರಿ ಆಗದ ಮಾತ್ರ ಬ್ಯಾಡ.” ಗಂಡ ಸತ್ತವಳಿಗೆ ಎರಡನೆಯ ಸೀರೆ ಉಡಿಸುವುದು ನಮ್ಮಲ್ಲಿ ನಡೆಯುತ್ತಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಖಾತ್ರಿಯಾಗಬೇಕಿತ್ತು, ಅಷ್ಟೇ.

ಐದನೆಯ ದಿನಕ್ಕೆ ಕಾಗದ ಬಂತು. ಪುಣೆಯಿಂದ.

ಅದರಲ್ಲಿದ್ದ ಮಾತನ್ನು ನಿನಗೆ ನಾನು ಇಂದಿಗೂ ಬಾಯಿಪಾಠ ಹೇಳಬಲ್ಲೆ. ‘ನದಿಗೆ ಸೇತುವೆ ಕಟ್ಟುವಾಗ ಮದ್ದು ಹೊತ್ತಿಗೆ ಮುಂಚೆ ಸಿಡಿದು ನನ್ನ ಬಲಗೈ ಹೋಯಿತು. ಮೊಣಕೈ ಮೇಲಿನವರೆಗೆ ಕತ್ತರಿಸಿದ್ದಾರೆ. ಬಹಳ ದಿನ ಎಚ್ಚರವಿರಲಿಲ್ಲ; ಈಗ ಹಡಗಿನಲ್ಲಿ ತಂದು ಪುಣೆಯ ದವಾಖಾನೆಯಲ್ಲಿ ಇಟ್ಟಿದ್ದಾರೆ. ಜೀವಕ್ಕೆ ಭಯವಿಲ್ಲ. ಹುಲಿಗೆಮ್ಮನಿಗೆ ಇದನ್ನು ಓದಿ ಹೇಳು. ಒಂದು ಕೈಯವನು ಬಂದರೆ ಅವಳಿಗೆ ಭಾರವಾಗುತ್ತಾನೆ. ಅವಳು ಬಾ ಎಂದರೆ ಬರುತ್ತೇನೆ. ಬೇಡವೆಂದರೆ ಇಲ್ಲೇ ಕಾವಲು ಕೆಲಸ ಕೊಡುತ್ತಾರಂತೆ, ಇದ್ದುಬಿಡುತ್ತೇನೆ. ಅವಳು ಏನು ಹೇಳುತ್ತಾಳೋ ಅದನ್ನೇ ಬರೆ, ನಿನ್ನ ಮಾತು ಸೇರಿಸಬೇಡ.’

ನಾಲ್ಕು ಸಲ ಓದಿದೆ. ಕಚೇರಿಯ ಹಿಂದಿನ ಹುಣಸೆಮರದ ಕೆಳಗೆ ಕೂತು ಯೋಚಿಸಿದೆ — ಯೋಚಿಸಿದೆ ಎಂದು ಬರೆಯುತ್ತಿದ್ದೇನೆ, ಆದರೆ ಯೋಚನೆ ಅದಾಗಿರಲಿಲ್ಲ. ಅಕ್ಕನ ಒಳ್ಳೆಯದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಕೈಯಿಲ್ಲದ ಗಣಿಯಾಳಿನ ಜತೆ ಅವಳು ಏಕೆ ನವೆಯಬೇಕು, ಎಂದೆ. ಹೀಗೆ ಹೇಳಿಕೊಳ್ಳುವಾಗೆಲ್ಲ ಸಿಂಧನೂರಿನ ಸಂತೆ ಕಣ್ಣೆದುರಿಗೆ ಬರುತ್ತಿತ್ತು. ಆಮೇಲೆ ಒಳಗೆ ಹೋಗಿ, ಕಚೇರಿಯ ಮಸಿಯಲ್ಲೇ, ನನ್ನ ಕೈಯಿಂದಲೇ, ಪುಣೆಗೆ ಕಾಗದ ಬರೆದೆ:

‘ಅಕ್ಕನಿಗೆ ಓದಿ ಹೇಳಿದೆ. ಕೈಯಿಲ್ಲದವನ ಜತೆ ಬಾಳುವುದಿಲ್ಲ ಎಂದಳು. ತುರ್ವಿಹಾಳದ ಒಳ್ಳೆಯ ಮನೆಯಲ್ಲಿ ಉಡಕಿಯ ಮಾತಾಗಿದೆ. ಕೂಸನ್ನು ಅವರೇ ಸಾಕುತ್ತಾರೆ. ನೀವು ಬರಬೇಡಿರಿ.’

ಕೆಳಗೆ ನನ್ನ ಹೆಸರು. ಟಪಾಲಿಗೆ ಹಾಕಿದೆ. ಕಾಗದ ಕೈಬಿಟ್ಟಾಗ ಏನನ್ನಿಸಿತು ಎಂದು ನೀನು ಕೇಳಬಹುದು. ಹಗುರಾಗಿತ್ತು, ಶರಣಮ್ಮಾ. ಅದೇ ನನಗೆ ಇಂದಿಗೂ — ಇರಲಿ.

ಮೂರನೆಯ ದಿನ ಮಸ್ಕಿಗೆ ಹೋದೆ. ಅವನ ಕಾಗದವನ್ನೂ ಒಯ್ದಿದ್ದೆ. ಕೈಯಲ್ಲಿ ಕಾಗದವಿಲ್ಲದೆ ಸಾವಿನ ಸುದ್ದಿ ಹೇಳಿದರೆ ಯಾರು ನಂಬುತ್ತಾರೆ? ಅಕ್ಷರ ಬಾರದ ಅಕ್ಕನಿಗೆ ಯಾವ ಕಾಗದವಾದರೂ ಒಂದೇ ಎಂದುಕೊಂಡಿದ್ದೆ. ಅವಳು ನಮ್ಮ ಮನೆಯ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದಳು. ನನ್ನ ಕೈಯಲ್ಲಿ ಹಾಳೆ ಕಂಡು ಮೊರ ಕೆಳಗಿಟ್ಟು ಎದ್ದಳು, ಮುಖವೆಲ್ಲ ನಗು. ಆ ನಗುಮುಖಕ್ಕೇ ಹೇಳಿದೆ:

“ಅಕ್ಕಾ, ಭಾವ ಇಲ್ಲ. ಸರಕಾರದ ಕಾಗದ ಬಂದೈತಿ.”

ನಮ್ಮ ಅವ್ವ ಒಳಗಿನಿಂದ ಬೋರಾಡಿ ಅತ್ತಳು. ಅಕ್ಕಪಕ್ಕದವರು ತುಂಬಿಕೊಂಡರು. ಇಬ್ಬರು ಮುದುಕಿಯರು ಬಳೆ ಒಡೆಯಲು ಅಕ್ಕನ ಕೈ ಹಿಡಿದರು. ಅಕ್ಕ ಅಳಲಿಲ್ಲ. ಕೈ ಬಿಡಿಸಿಕೊಂಡು ನನ್ನ ಕಡೆ ಚಾಚಿದಳು.

“ಕಾಗದ ಕೊಡು.”

ಕೊಟ್ಟೆ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು. ಅಕ್ಷರಗಳ ಮೇಲೆ ಕಣ್ಣಾಡಿಸಲೂ ಇಲ್ಲ, ಕೆಳಕ್ಕೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ದನಿ ಏರಿಸದೆ ಕೇಳಿದಳು:

“ತಮ್ಮಾ, ಸತ್ತವರು ಹೆಬ್ಬಟ್ಟು ಒತ್ತತಾರೇನು?”

ಅದು ಬೇರೆ ಯಾರದೋ ಇರಬೇಕು, ಸಿಪಾಯಿಗಳು ಒತ್ತುತ್ತಾರೆ, ಎಂದು ನಾನು ತೊದಲಿದೆ. ಅವಳು ಹಾಳೆಯನ್ನು ನನ್ನ ಕಣ್ಣಿಗೆ ಹತ್ತಿರ ತಂದಳು. “ನಡುವ ಸೀಳು ಐತಿ ನೋಡು. ಇದು ಹಟ್ಟಿ ಗಣಿ ಸೀಳು. ಇದರಂಥಾದ್ದು ಇನ್ನೊಂದಿಲ್ಲ.”

ನಿನ್ನನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೇಬಿಟ್ಟಳು — ಶಾಲೆಗೆ, ಹುಸೇನಸಾಬ್ ಮಾಸ್ತರರ ಹತ್ತಿರ. ಅರ್ಧ ಕೇರಿ ಅವಳ ಬೆನ್ನಿಗೆ, ಎಲ್ಲರ ಹಿಂದೆ ನಾನು. ಮಾಸ್ತರರು ಮಕ್ಕಳನ್ನು ಆಡಲು ಕಳಿಸಿ, ಚಷ್ಮಾ ಒರೆಸಿಕೊಂಡು, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಕೈ ಹೋದ ಮಾತು ಬಂದಾಗ ಹೆಂಗಸರು “ಅಯ್ಯೋ” ಎಂದರು. ಅಕ್ಕ ಮಾತ್ರ ಕೇಳಿದಳು: “ಜೀವ ಐತ್ಯಲ್ರಿ?”

“ಐತವ್ವ. ನೀ ಬಾ ಅಂದ್ರ ಬರತೀನಿ ಅಂತ ಬರಸ್ಯಾನ.”

ಆಗ ಎಲ್ಲರೂ ನನ್ನತ್ತ ತಿರುಗಿದರು. ಹಾಗೆ ಹುಟ್ಟಿತು ನೀವು ನಗುವ ಕಥೆ. “ಅಕ್ಷರ ಕೂಡಿಕೊಂಡಿದ್ದವು, ತಪ್ಪಾಗಿ ಓದಿದೆ,” ಎಂದೆ. ಅವ್ವ ಅಳುತ್ತಲೇ ನಗುತ್ತಾ ನನ್ನ ಬೆನ್ನಿಗೆ ಗುದ್ದಿದಳು, ಮಂದಿಯೂ ನಕ್ಕರು. ಎಲ್ಲರೂ ಹೋದ ಮೇಲೆ ಮಾಸ್ತರರು ನನ್ನೊಬ್ಬನಿಗೇ ಕೇಳಿಸುವಂತೆ ಹೇಳಿದರು: “ಬಸಪ್ಪ, ಬರಹ ಕನ್ನಡಿ ಹಂಗ ಸ್ವಚ್ಛ ಐತಿ.” ಅಷ್ಟೇ. ಅವರೂ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅವರಿಗೆ ಗೊತ್ತಿದ್ದದ್ದು ಆ ಒಂದು ಕಾಗದದ ಸಂಗತಿ ಮಾತ್ರ.

ತಂತಿ ಕಳಿಸೋಣ, ಕಾಗದ ಬರೆಯೋಣ, ಎಂದು ಹೇಳಿ ನೋಡಿದೆ. ಅಕ್ಕ ಕೇಳಲಿಲ್ಲ. “ಬಾ ಅಂತ ಕಾಗದ ಹೋಗಿ ಮುಟ್ಟೂತನಕ ಅಂವ ಏನೇನು ಅನ್ಕೋತಾನೋ. ನಾನ ಹೋಗತೀನಿ. ನಿನಗ ಉರ್ದು ಬರತೈತಿ, ನೀ ಸಂಗಾಟ ಬಾ.” ಮಸ್ಕಿಯ ಆಚೆಗೆ ಲಿಂಗಸುಗೂರನ್ನೂ ನೋಡದವಳು! ಮರುದಿನವೇ ಗಾಡಿ ಕಟ್ಟಿಸಿದಳು. ರಾಯಚೂರಿಗೆ ಎರಡು ದಿನ. ಅಲ್ಲಿಂದ ರೈಲು. ಅವಳು ಅದೇ ಮೊದಲು ರೈಲು ನೋಡಿದ್ದು, ಹೆದರುತ್ತಾಳೆಂದುಕೊಂಡಿದ್ದೆ. ನಿನಗೆ ಕಿಟಕಿಯಲ್ಲಿ ಹೊಲ ತೋರಿಸುತ್ತಾ, “ಅಪ್ಪನ ಕಡಿಗೆ ಹೊಂಟೀವಿ, ಅಪ್ಪನ ಕಡಿಗೆ” ಎಂದು ಹಾಡಿನಂತೆ ಹೇಳುತ್ತಿದ್ದಳು.

ನಾನು ಎದುರಿಗೆ ಕೂತು ದಿನ ಲೆಕ್ಕ ಹಾಕುತ್ತಿದ್ದೆ. ನನ್ನ ಕಾಗದ ನಮಗಿಂತ ಮುಂದೆ ಹೋಗಿತ್ತು. ಪ್ರತಿ ಟೇಶನ್ನಿನಲ್ಲೂ ಇಳಿದು ಓಡಿಹೋಗಬೇಕೆನ್ನಿಸುತ್ತಿತ್ತು. ಹೋಗಲಿಲ್ಲ — ಧೈರ್ಯದಿಂದಲ್ಲ. ಇಳಿದು ಹೋಗುವುದಕ್ಕೂ ಒಂದು ಧೈರ್ಯ ಬೇಕು.

ಪುಣೆಯ ದವಾಖಾನೆಯ ಅಂಗಳದಲ್ಲಿ ಒಂದು ದೊಡ್ಡ ಬೇವಿನ ಮರ. ಕೈ ಹೋದವರು, ಕಾಲು ಹೋದವರು ಅದರ ಕೆಳಗೆ ಬಾಂಕುಗಳ ಮೇಲೆ ಕೂತಿದ್ದರು. ಅಕ್ಕ ದೂರದಿಂದಲೇ ಗುರುತು ಹಿಡಿದಳು. ಅವನು ಬಹಳ ಇಳಿದಿದ್ದ. ಅಂಗಿಯ ಬಲತೋಳನ್ನು ಮಡಚಿ ಪಿನ್ನು ಚುಚ್ಚಿದ್ದರು. ಅವಳು ನೇರ ಅವನ ಮುಂದೆ ಹೋಗಿ ನಿಂತಳು. ಅವನು ತಲೆಯೆತ್ತಿ ನೋಡಿದ. ನೋಡುತ್ತಲೇ ಇದ್ದ.

“ಬಾ ಅಂದ್ರ ಬರತೀನಿ ಅಂತ ಬರಸೀಯಲ್ಲ,” ಎಂದಳು ಅಕ್ಕ. “ನಾ ಏನು ನಿನ್ನ ಕೈ ನೋಡಿ ಲಗ್ನ ಆಗಿದ್ನೇನು? ಬಾ ಅನ್ನಾಕ ನಾನ ಬಂದೀನಿ. ಏಳು.”

ಅವನು ಎದ್ದ. ನೀನು ಅವ್ವನ ಸೊಂಟದಿಂದ ಬಾಗಿ ಅವನ ಮಡಚಿದ ತೋಳನ್ನು ಹಿಡಿದೆ. ಎಳೆದೆ. ಪಿನ್ನು ಬಿಚ್ಚಿಕೊಂಡು ತೋಳು ಜೋತುಬಿತ್ತು. ನೀನು ಅದರೊಳಗೆ ಇಣುಕಿ ನೋಡಿದೆ, ಕೈ ಎಲ್ಲಿ ಹೋಯಿತೆಂದು. ಬಾಂಕಿನ ಮೇಲಿದ್ದ ಸಿಪಾಯಿಗಳೆಲ್ಲ ನಕ್ಕುಬಿಟ್ಟರು. ಅವನೂ ನಕ್ಕ, ಅಳುತ್ತಲೇ ನಕ್ಕ. ಆಗಲೇ ಅವನ ಕಣ್ಣು ಹಿಂದೆ ನಿಂತಿದ್ದ ನನ್ನ ಮೇಲೆ ಬಿತ್ತು.

ಅವನ ಅಂಗಿಯ ಕಿಸೆಯಲ್ಲಿ ಒಂದು ಲಕೋಟೆಯ ತುದಿ ಕಾಣುತ್ತಿತ್ತು. ನನ್ನ ಕೈಬರಹ. ಅಲ್ಲಿಯ ಮುನ್ಶಿ ಅದನ್ನು ಅವನಿಗೆ ಓದಿ ಹೇಳಿರಬೇಕು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಅದೇ ಹೊತ್ತಿಗೆ ಅಕ್ಕ ಕೇಳಿದಳು: “ನಮ್ಮ ಕಡಿಂದ ಕಾಗದ ಏನರ ಬಂದಿತ್ತೇನು?”

ಒಂದೇ ಉಸಿರಿನಲ್ಲಿ ಅವನು ಎಲ್ಲವನ್ನೂ ತಿಳಿದುಕೊಂಡ — ಅಕ್ಕನಿಗೆ ಏನೂ ಗೊತ್ತಿಲ್ಲ, ಅವಳು ಬೇಡವೆಂದಿರಲೇ ಇಲ್ಲ, ಬರೆದದ್ದೆಲ್ಲ ನಾನೇ ಕಟ್ಟಿದ್ದು. ನನ್ನನ್ನು ಅಲ್ಲಿಯೇ ಮುಗಿಸಿಬಿಡಬಹುದಿತ್ತು. ಆ ಲಕೋಟೆಯನ್ನು ಹೊರಗೆ ತೆಗೆದಿದ್ದರೆ ಸಾಕಿತ್ತು.

“ಇಲ್ಲ,” ಎಂದ. “ಏನೂ ಬಂದಿಲ್ಲ.”

ಆಮೇಲೆ ನನ್ನ ಹತ್ತಿರ ಬಂದು ಇದ್ದ ಒಂದೇ ಕೈಯನ್ನು ನನ್ನ ಹೆಗಲ ಮೇಲಿಟ್ಟ. “ಬಸಪ್ಪ, ದೂರ ಬಂದಿ. ಉಂಡಿಯೇನು?”

ಅವನ ಬದುಕನ್ನು ಬರೆಯೆಂದು ನೀನು ಕೇಳಿದೆ. ಅವನ ಮೊದಲ ಗೆಲುವು ಇದು. ಯಾವ ಸರಕಾರವೂ ಇದಕ್ಕೆ ಬಿಲ್ಲೆ ಕೊಡಲಿಲ್ಲ, ಕಂಡವನೂ ನಾನೊಬ್ಬನೇ.

ಉಳಿದದ್ದು ಮಸ್ಕಿಯವರೆಲ್ಲ ಕಂಡದ್ದು. ಆದರೂ ಬರೆಯುತ್ತೇನೆ, ನಿನ್ನ ಮಕ್ಕಳಿಗೆ ಬೇಕು. ನಮ್ಮ ಕೇರಿಯಲ್ಲಿ ಆಗ ಇದ್ದದ್ದು ಒಂದೇ ಬಾವಿ, ಅದೂ ಸವಳು ನೀರು. ಕುಡಿಯುವ ನೀರಿಗೆ ಹೆಣ್ಣುಮಕ್ಕಳು ಹಳ್ಳದಲ್ಲಿ ಚಿಲುಮೆ ತೋಡಿ ಬಟ್ಟಲಿನಿಂದ ಮೊಗೆಯಬೇಕಿತ್ತು. ಅವನು ಬಂದ ವರ್ಷವೇ, ಬೋರೆಗುಡ್ಡದ ಮಗ್ಗುಲಲ್ಲಿ ಬಾವಿ ತೋಡುತ್ತೇನೆಂದು ಹೊರಟ. ಮಂದಿ ನಕ್ಕರು. ಎರಡಾಳುದ್ದ ಮಣ್ಣು ತೆಗೆದ ಮೇಲೆ ಬಂಡೆ ಸಿಕ್ಕಿತು. ಇನ್ನಷ್ಟು ನಕ್ಕರು. ಬಂಡೆ ಕೊರೆಯಲು ಎರಡು ಕೈ ಬೇಕಲ್ಲ.

ಎರಡನೆಯ ಕೈ ನಿನ್ನ ಅವ್ವನದು. ಅವಳು ಬಾವಿಗಿಳಿದು ಬಂಡೆಯ ಮೇಲೆ ಕೂತು ಎರಡೂ ಕೈಯಿಂದ ಚಾಣ ಹಿಡಿದಳು. ಅವನು ಎಡಗೈಯಿಂದ ಸುತ್ತಿಗೆ ಬೀಸಿದ — ಹುಟ್ಟಾ ಬಲಗೈಯವನು, ಎಡಗೈ ಪಳಗಿಸಿಕೊಂಡು ಇನ್ನೂ ಆರು ತಿಂಗಳಾಗಿತ್ತು. ಒಮ್ಮೆ ಸುತ್ತಿಗೆ ಜಾರಿ ಅಕ್ಕನ ಮುಂಗೈ ತರಚಿತು. ಅವನು ಸುತ್ತಿಗೆ ಒಗೆದು, ಇನ್ನು ಸಾಕು ಎಂದು ಮೇಲೆ ಹತ್ತಿ ಬಂದ. ಕೆಳಗಿನಿಂದ ಅಕ್ಕನ ದನಿ: “ಇಳಿದು ಬಾ. ನನ್ನವು ಇನ್ನಾ ಎರಡೂ ಅದಾವು.” ನಕ್ಕವರೇ ಮರುದಿನದಿಂದ ಕಲ್ಲು ಹೊರಲು ಬಂದರು. ಎಲ್ಲರಿಗಿಂತ ಹೆಚ್ಚು ಬಂದವರು ಊರ ಹೊರಗಿನ ಕೇರಿಯವರು, ಊರ ಬಾವಿಯನ್ನು ಮುಟ್ಟಲು ಅಪ್ಪಣೆಯಿಲ್ಲದವರು.

ಮದ್ದು ಇಡಲು ಸರಕಾರದ ಇಜಾಜತ್ ಬೇಕಿತ್ತು. ಆ ಅಪ್ಪಣೆಯ ಕಾಗದವನ್ನು ನಾನು ತಂದುಕೊಟ್ಟೆ. ಆ ಬಾವಿಯಲ್ಲಿ ನನ್ನ ಪಾಲು ಅಷ್ಟು.

ಎರಡನೆಯ ಬೇಸಿಗೆ. ತಳದ ಬಂಡೆಗೆ ಮದ್ದು ತುಂಬಿ, ಎಲ್ಲರನ್ನೂ ದೂರ ಕಳಿಸಿ, ಬತ್ತಿಗೆ ಅವನೇ ಕಿಚ್ಚು ಹಚ್ಚಿದ. ಒಂದೇ ಕೈಯಿಂದ ಹಗ್ಗ ಹಿಡಿದು, ಕಲ್ಲಿಗೆ ಕಾಲು ಕೊಟ್ಟು ಮೇಲೆ ಬರಬೇಕು. ಕೈಯನ್ನು ಕಳೆದುಕೊಂಡದ್ದೂ ಇಂಥದೇ ಕೆಲಸದಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂಚಿನ ಮೇಲೆ ಮೊದಲು ಅವನ ರುಮಾಲು ಕಂಡಿತು, ಆಮೇಲೆ ಮುಖ. ಓಡಲಿಲ್ಲ, ಫೌಜಿಯವರ ಹಾಗೆ ಅಳೆದ ಹೆಜ್ಜೆಯಲ್ಲಿ ನಡೆದು ಬಂದು ಅಕ್ಕನ ಪಕ್ಕ ನಿಂತ. ನೆಲ ನಡುಗಿತು. ಹೊಗೆ ತಿಳಿಯಾದ ಮೇಲೆ ಹೋಗಿ ಒಂದು ಕಲ್ಲು ಒಗೆದ. ಗುಳುಂ ಎಂದಿತು.

ಆ ಸಪ್ಪಳಕ್ಕೆ ಮಸ್ಕಿ ಕೂಗಿದ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ. ಸಂಜೆಗೆ ಸೊಂಟದ ಮಟ್ಟ ನೀರು. ಸಿಹಿ ನೀರು. ಆಗ ಊರ ಹಿರಿಯರೊಬ್ಬರು ಬಂದು, ಹೊರಗಿನ ಕೇರಿಯವರು ಬೇರೆ ಹೊತ್ತಿನಲ್ಲಿ, ಬೇರೆಯವರ ಕೈಯಿಂದ ನೀರು ಹಾಕಿಸಿಕೊಳ್ಳಲಿ ಎಂದರು. ನಿನ್ನ ಅಪ್ಪ ಬಹಳ ಸಮಾಧಾನದಿಂದ ಹೇಳಿದ: “ಗೌಡ್ರ, ಕಲ್ಲು ಹೊರುವಾಗ ಇವರ ಕೈ ನಡೀತು. ಸೇದುವಾಗ ಯಾಕ ನಡಿಯೂದಿಲ್ರಿ? ಮೊದಲ ಕೊಡ ಇವರ ಸೇದ್ಲಿ.” ಅವರೇ ಸೇದಿದರು. ಎರಡನೆಯ ಕೊಡವನ್ನು ಹುಸೇನಸಾಬ್ ಮಾಸ್ತರರ ಮನೆಗೆ ಅವನೇ ಹೆಗಲ ಮೇಲೆ ಹೊತ್ತೊಯ್ದು ಕೊಟ್ಟ. ಗೌಡರು ಮೂರು ತಿಂಗಳು ಆ ಬಾವಿಯ ಕಡೆ ತಲೆಹಾಕಲಿಲ್ಲ. ನಾಲ್ಕನೆಯ ತಿಂಗಳು ಅವರ ಮನೆಯ ಕೊಡವೂ ಬಂತು.

ಆಮೇಲೆ ಗೊರೇಬಾಳದವರು ಕರೆದರು, ಸಿಂಧನೂರಿನವರು ಕರೆದರು. ಎಲ್ಲಿ ಹೋದರೂ ‘ಫೌಜಿ ಅಮರಪ್ಪ’. ಎಷ್ಟು ಊರಲ್ಲಿ ಬಾವಿ ತೋಡಿದರೂ ವಾರಕ್ಕೊಮ್ಮೆ ಮನೆಗೆ ಬರುವುದನ್ನು ತಪ್ಪಿಸಲಿಲ್ಲ. ನಿಮ್ಮ ನಾಲ್ವರ ಜಡೆ ಹೆಣೆಯುತ್ತಿದ್ದುದು ನಿನಗೆ ನೆನಪಿರಬೇಕು — ಒಂದು ಎಳೆ ಹಲ್ಲಿನಲ್ಲಿ, ಒಂದು ಮೊಣಕಾಲಿನ ಸಂದಿನಲ್ಲಿ, ಒಂದು ಕೈಯಲ್ಲಿ. ಹೆಣ್ಣುಮಕ್ಕಳಿಗೆ ಶಾಲೆ ಏತಕ್ಕೆ ಎಂದವರಿಗೆ ಉತ್ತರವನ್ನೇ ಕೊಡದೆ ನಿನ್ನನ್ನು ಮಾಸ್ತರರ ಬಳಿ ಕೂರಿಸಿದ. ನಿನ್ನ ಪಕ್ಕದಲ್ಲಿ ತಾನೂ ಪಾಟಿ ಹಿಡಿದು ಕೂತ. ನಲವತ್ತರ ಹತ್ತಿರದ ಮೀಸೆಯ ಮನುಷ್ಯ! ಎಡಗೈಯಲ್ಲಿ ತನ್ನ ಹೆಸರು ತಿದ್ದಿದ ದಿನ, ಆ ಪಾಟಿಯನ್ನು ಒರೆಸಲು ಬಿಡದೆ ಅಕ್ಕ ಎಂಟು ದಿನ ಗೂಡಿನಲ್ಲಿ ಇಟ್ಟಿದ್ದಳು.

ತುರ್ವಿಹಾಳದಿಂದಲೂ ಕರೆ ಬಂತು, ನಿನಗೆ ಹತ್ತು ವರ್ಷವಾಗಿದ್ದಾಗ. ಅದೇ ರೈತನ ಹೊಲ. ಸುದ್ದಿ ಸುಳ್ಳೆಂದು ತಿಳಿದ ದಿನವೇ ಅವನು ಮಾತು ಹಿಂದಕ್ಕೆ ತೆಗೆದುಕೊಂಡಿದ್ದ. ತಂಗಿಯನ್ನು ಗಂಗಾವತಿಯ ಕಡೆ ಕೊಟ್ಟಿದ್ದ. ನಿನ್ನ ಅಪ್ಪ ನನ್ನನ್ನು ಕರೆದ: “ಅಳತಿ ಬರಕೊಳ್ಳಾಕ ಬಾ.” ಆ ಊರ ಹೆಸರು ಅವನಿಗೆ ಮರೆತಿರಲಿಕ್ಕಿಲ್ಲ, ನಾನೇ ಬರೆದಿದ್ದೆನಲ್ಲ. ಹೋದೆವು. ಮಧ್ಯಾಹ್ನ ತೋಡಿದ ಮಣ್ಣಿನ ದಿಬ್ಬದ ಮೇಲೆ ಕೂತು ರೊಟ್ಟಿ ತಿನ್ನುವಾಗ ನನಗೆ ತಡೆಯಲಾಗಲಿಲ್ಲ.

“ಭಾವಾ,” ಎಂದೆ, “ಪುಣೆಗೆ ನಾ ಬರದ ಕಾಗದ —”

ಅವನು ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟ. “ಅವತ್ತ ಒಲಿಗೆ ಹಾಕೀನಿ. ಬಸಪ್ಪ, ಹುಲಿಗಿಗೆ ಇರಾಂವ ಒಬ್ಬನ ತಮ್ಮ. ನನಗ ಒಂದು ಕೈ ಇಲ್ಲ ಅಂದ್ರ ನಡೀತೈತಿ. ಅಕಿಗೆ ತಮ್ಮ ಇಲ್ಲ ಅಂದ್ರ ನಡಿಯೂದಿಲ್ಲ. ಸುಮ್ಮನಿರು, ಉಣ್ಣು.”

ಉಂಡೆ. ಅವನು ಸುಮ್ಮನಿರು ಎಂದ, ನಾನು ಸುಮ್ಮನಾದೆ. ಅದು ನನಗೆ ಬಹಳ ಅನುಕೂಲದ ಮೌನವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು. ಅವನು ತನ್ನ ಹೆಂಡತಿಗಾಗಿ ಸುಮ್ಮನಿದ್ದ. ನಾನು ನನಗಾಗಿ.

ಹೋದ ತಿಂಗಳು ಅವನನ್ನು ಹೊತ್ತೊಯ್ಯುವಾಗ ಸಿಂಧನೂರಿನ ಕಡೆಯ ಹಾದಿ, ಲಿಂಗಸುಗೂರಿನ ಕಡೆಯ ಹಾದಿ, ಎರಡೂ ತುಂಬಿದ್ದವು. ಎಷ್ಟು ಊರಿನವರು ತಮ್ಮ ತಮ್ಮ ಬಾವಿಯ ನೀರನ್ನು ತಂಬಿಗೆಯಲ್ಲಿ ತಂದಿದ್ದರು, ನೋಡಿದೆಯಲ್ಲ. ಹೊರಗಿನ ಕೇರಿಯವರು ಹೆಗಲು ಕೊಡುತ್ತೇವೆಂದು ಬಂದಾಗ, ಯಾರೂ ಬೇಡವೆನ್ನಲಿಲ್ಲ. ಅಷ್ಟು ದೊಡ್ಡ ಮೆರವಣಿಗೆಯನ್ನು ಮಸ್ಕಿ ಯಾವ ಜಹಗೀರದಾರನಿಗೂ ಮಾಡಿಲ್ಲ. ಮೂರನೆಯ ದಿನ ಮಂದಿಯ ನಡುವೆ ಯಾರೋ ಆ ಹಳೆಯ ಕಥೆ ತೆಗೆದರು — ಬಸಪ್ಪ ತಪ್ಪು ಓದಿದ ಕಥೆ. ಅಕ್ಕ ಕೂಡ ಕಣ್ಣೊರೆಸಿಕೊಂಡು ನಕ್ಕಳು. ನನ್ನ ಬೆನ್ನು ತಟ್ಟಿ, “ಮಳ್ಳ ನನ್ನ ತಮ್ಮ” ಎಂದಳು. ಆ ಕೈ ತಾಕಿದ ಜಾಗ ಇನ್ನೂ —

ನಿನ್ನ ಅಪ್ಪ ಸುಮ್ಮನಿರು ಎಂದದ್ದನ್ನು ನಾನು ಮುರಿಯುತ್ತಿದ್ದೇನೆ. ಬಹಳ ಯೋಚಿಸಿದೆ, ಈ ಸಲ ನಿಜವಾಗಿ ಯೋಚಿಸಿದೆ. ಅವನು ಲಡಾಯಿಯನ್ನು ಗೆದ್ದು ಬಂದ, ಬಂಡೆಯನ್ನು ಗೆದ್ದ, ಊರ ಹಿರಿಯರ ಹಟವನ್ನು ಗೆದ್ದ. ಇವೆಲ್ಲ ಮಂದಿಗೆ ಗೊತ್ತು. ನನ್ನ ಕಾಗದವನ್ನು ಗೆದ್ದದ್ದು ಮಾತ್ರ ಯಾರಿಗೂ ಗೊತ್ತಿಲ್ಲ. ಅದನ್ನು ಬಚ್ಚಿಟ್ಟು ಅವನನ್ನು ಹೊಗಳಿದರೆ, ಅವನಿಂದ ಎರಡನೆಯ ಸಲ ಕದ್ದಂತೆ.

ಅವ್ವನಿಗೆ ಇದನ್ನು ಓದಿ ಹೇಳು. ತಂಗಿಯರನ್ನೂ ಕೂರಿಸಿಕೋ. ನಿನ್ನ ಅತ್ತೆಗೆ — ನನ್ನ ಮನೆಯವಳಿಗೆ — ಇವತ್ತು ನಾನೇ ಹೇಳಿದ್ದೇನೆ. ಬರುವ ಶುಕ್ರವಾರ ನಾನು ಮಸ್ಕಿಗೆ ಬರುತ್ತೇನೆ, ಹಾಡಹಗಲಲ್ಲಿ, ಎಲ್ಲರೂ ಇರುವ ಹೊತ್ತಿಗೆ. ಅಕ್ಕ ಏನು ಕೇಳಿದರೂ ಹೌದು ಎನ್ನುತ್ತೇನೆ. ಬಾಗಿಲು ಹಾಕಿದರೆ ಕಟ್ಟೆಯ ಮೇಲೆ ಕೂತು, ಹೊತ್ತು ಇಳಿದ ಮೇಲೆ ಲಿಂಗಸುಗೂರಿಗೆ ನಡೆದು ಹೋಗುತ್ತೇನೆ. ಅದರ ಮುಂದಿನ ಶುಕ್ರವಾರ ಮತ್ತೆ ಬರುತ್ತೇನೆ.